ಅಮ್ಮನ ಅಮ್ಮನ ಅಮ್ಮ ಯಾರು?

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಮಾಡಿಸಿದೆ. ತಾಯಿಯ ಕಡೆಯ ಹ್ಯಾಪ್ಲೊಗ್ರೂಪ್ (ಒಂದೇ ಮೂಲತಾಯಿಯಿಂದ ಇಳಿದು ಬಂದವರ ಗುಂಪು) ‘ಬಹಳ ಅಪರೂಪ’ ಎಂದು ವರದಿ ಬಂದಿದೆ. ನನಗೆ ಹೊಂದುವವರು ಅವರ ಪಟ್ಟಿಯಲ್ಲಿ ಒಬ್ಬರೂ ಇಲ್ಲ. ಹಾಗಾದರೆ ಅಮ್ಮನ ಮೂಲದವರು ಎಲ್ಲೋ ದೂರದಿಂದ ಬಂದವರಾ? ಅಮ್ಮ ಈಗಿಲ್ಲ. ಅಜ್ಜಿಯ ಅಮ್ಮನ ಹೆಸರೂ ನನಗೆ ಗೊತ್ತಿಲ್ಲ. ಎಲ್ಲಿಂದ ಹುಡುಕಲಿ?

ಉತ್ತರ: ‘ಒಬ್ಬರೂ ಇಲ್ಲ’ ಅನ್ನುವ ಸಾಲು ಓದಿದಾಗ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು. ನನ್ನ ವರದಿಯಲ್ಲೂ ಹಾಗೇ ಇತ್ತು. ಆದರೆ ಆ ಪಟ್ಟಿಯಲ್ಲಿರುವುದು ಪರೀಕ್ಷೆ ಮಾಡಿಸಿಕೊಂಡವರು ಮಾತ್ರ. ನಿಮ್ಮ ಅಮ್ಮನ ಬಳಗದಲ್ಲಿ ಇನ್ಯಾರೂ ಮಾಡಿಸಿಲ್ಲ ಅಂದರೆ ನೀವು ಅಲ್ಲಿ ಒಂಟಿಯಾಗಿಯೇ ಕಾಣುತ್ತೀರಿ. ಹೆಣ್ಣುಮಕ್ಕಳು ಕಡಿಮೆ ಹುಟ್ಟಿದ ಮನೆತನಗಳಲ್ಲೂ ಇದೇ ಕಥೆ. ಒಬ್ಬಳಿಗೆ ಗಂಡುಮಕ್ಕಳೇ ಹುಟ್ಟಿದರೆ, ಅಮ್ಮನಿಂದ ಮಗಳಿಗೆ ಇಳಿಯುವ ಈ ಎಳೆ ಅವರಲ್ಲಿಗೆ ನಿಂತುಹೋಗುತ್ತದೆ.

ಯಾಕೆಂದರೆ ಈ ಪರೀಕ್ಷೆ ನೋಡುವುದು ಮೈಟೊಕಾಂಡ್ರಿಯಾದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ ಡಿಎನ್‌ಎಯನ್ನು. ಬಳೆಯ ಹಾಗೆ ದುಂಡಗಿರುವ, 16,569 ‘ಅಕ್ಷರ’ಗಳ (ಡಿಎನ್‌ಎಯ ಒಂದೊಂದು ಘಟಕವನ್ನು ಹೀಗೆ ಕರೆಯುತ್ತಾರೆ) ಪುಟ್ಟ ಡಿಎನ್‌ಎ ಅದು. ಅಮ್ಮನಿಂದ ಮಕ್ಕಳೆಲ್ಲರಿಗೂ ಬರುತ್ತದೆ, ಮುಂದಕ್ಕೆ ಕೊಡುವವಳು ಮಗಳು ಮಾತ್ರ. ತುಂಬಾ ಅಪರೂಪಕ್ಕೆ ಒಂದು ಅಕ್ಷರ ಬದಲಾಗುತ್ತದೆ. ಒಂದು ಎಳೆಯಲ್ಲಿ ಸರಾಸರಿ ಸುಮಾರು 3,500 ವರ್ಷಕ್ಕೆ ಒಂದು ಅಂತ ಅಂದಾಜು. ಬದಲಾದ ಆ ಅಕ್ಷರಗಳನ್ನು ನೋಡಿಯೇ ಹ್ಯಾಪ್ಲೊಗ್ರೂಪ್ ಅನ್ನುವ ಗುಂಪು ಮಾಡುತ್ತಾರೆ. ಇನ್ನೊಂದು ವಿಷಯ ನೆನಪಿರಲಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಿಮ್ಮ ವಂಶದ ಪಟದಲ್ಲಿ 1,024 ಜಾಗಗಳಿರುತ್ತವೆ. ಈ ವರದಿ ಹೇಳುವುದು ಅದರಲ್ಲಿ ಒಬ್ಬಳ ಬಗ್ಗೆ. ಅಮ್ಮನ ಅಪ್ಪ ಕೂಡ ಇದರಲ್ಲಿಲ್ಲ!

‘ಎಲ್ಲಿಂದ ಬಂದವರು’ ಅನ್ನುವುದಕ್ಕೆ ಗುಂಪಿನ ಹೆಸರೊಂದರಿಂದಲೇ ಉತ್ತರ ಹೇಳುವುದು ಅವಸರ. ಐಸ್‌ಲ್ಯಾಂಡಿನ ಉದಾಹರಣೆ ನೋಡಿ. ಅಲ್ಲಿನ 80ಕ್ಕೂ ಹೆಚ್ಚು ಜನರಲ್ಲಿ ಸಿ1ಇ ಎಂಬ ಗುಂಪು ಸಿಕ್ಕಿತು. ಅದು ಸಿ1 ಎಂಬ ದೊಡ್ಡ ಗುಂಪಿನ ಒಂದು ಕವಲು. ಸಿ1ರ ಬೇರೆ ಕವಲುಗಳು ಹೆಚ್ಚಾಗಿ ಅಮೆರಿಕದ ಮೂಲನಿವಾಸಿಗಳಲ್ಲಿ ಕಾಣುವಂಥವು. ವಂಶಾವಳಿ ಹಿಡಿದು ಹಿಂದೆ ಹೋದಾಗ 1700ರ ಆಸುಪಾಸು ಹುಟ್ಟಿದ ನಾಲ್ವರು ಹೆಂಗಸರ ಹತ್ತಿರ ಬಂದು ನಿಂತಿತು. ಹಳೇ ಕಾಲದ ಹಡಗಿನಲ್ಲಿ ಅಮೆರಿಕದಿಂದ ಒಬ್ಬ ಹೆಣ್ಣುಮಗಳು ಬಂದಿರಬೇಕು ಅಂತ ಅನೇಕರು ಅಂದುಕೊಂಡರು. ಆದರೆ ಸಿ1ಇ ಅಮೆರಿಕದಲ್ಲಿ ಸಿಕ್ಕಿಲ್ಲ. ಆಮೇಲೆ ರಷ್ಯಾದ ವಾಯವ್ಯ ಭಾಗದಲ್ಲಿ ಸುಮಾರು 7,500 ವರ್ಷ ಹಳೆಯ ಮೂಳೆಗಳಲ್ಲಿ ಸಿ1ರ ಇನ್ನೊಂದು ಕವಲು ಸಿಕ್ಕಿತು. ಯುರೋಪಿನಲ್ಲೇ ಹಿಂದಿನಿಂದ ಇದ್ದಿರಬಹುದಲ್ವಾ ಅನ್ನುವ ಮಾತು ಬಂತು. ಅಷ್ಟು ಚೆನ್ನಾಗಿ ದಾಖಲೆ ಇಟ್ಟ ದೇಶದಲ್ಲೇ ಹೀಗೆ.

ಹಾಗಂತ ಅಪರೂಪ ಅನ್ನುವುದು ಸುಮ್ನೆ ಅಲ್ಲ. 1485ರಲ್ಲಿ ಯುದ್ಧದಲ್ಲಿ ಸತ್ತ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್‌ನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಕೆಳಗೆ ಸಿಕ್ಕಿತು. ಅವನದೇ ಅಂತ ಹೇಗೆ ಹೇಳುವುದು? ಅವನ ಅಕ್ಕನ ಮಗಳು, ಮಗಳ ಮಗಳು ಎಂದು ಇಳಿದು ಬಂದ ಇಬ್ಬರನ್ನು ಹುಡುಕಿದರು. ಒಬ್ಬರದು ಅಕ್ಷರ ಅಕ್ಷರವೂ ಹೊಂದಿತು, ಇನ್ನೊಬ್ಬರದರಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಯುರೋಪಿನ 26,000ಕ್ಕೂ ಹೆಚ್ಚು ಜನರ ದಾಖಲೆಯಲ್ಲಿ ಆ ನಮೂನೆ ಬೇರೆ ಯಾರಲ್ಲೂ ಇರಲಿಲ್ಲ. ಎಲ್ಲರಲ್ಲೂ ಸಿಗುವ ನಮೂನೆಯಾಗಿದ್ದರೆ ಆ ಹೊಂದಾಣಿಕೆಗೆ ಅಷ್ಟು ಬೆಲೆ ಬರುತ್ತಿರಲಿಲ್ಲ. ನಿಮಗೂ ಅಷ್ಟೇ. ಇಂದಲ್ಲ ನಾಳೆ ಒಬ್ಬರು ಹೊಂದಿದರೆ ಅದು ಗಟ್ಟಿ ಸುಳಿವು.

ಆ ಒಬ್ಬರಿಗಾಗಿ ಕಾಯಬೇಡಿ, ನೀವೇ ಹುಡುಕಿ. ಬಳಗದಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸು ಯಾರಿದ್ದಾರೋ ಅವರ ಹತ್ತಿರ ಹೋಗಿ ಕೂತುಕೊಳ್ಳಿ. ‘ನಮ್ಮ ಮೂಲ ಯಾವುದು’ ಅಂತ ಕೇಳಿದರೆ ಏನೂ ಸಿಗುವುದಿಲ್ಲ. ‘ನಿಮ್ಮಮ್ಮನ ಜೊತೆ ಹುಟ್ಟಿದ ಅಕ್ಕತಂಗಿಯರು ಎಷ್ಟು ಜನ, ಅವರ ಹೆಣ್ಣುಮಕ್ಕಳು ಈಗ ಎಲ್ಲಿದ್ದಾರೆ, ನಿಮ್ಮನ್ನು ಎತ್ತಿ ಆಡಿಸಿದವರು ಯಾರು’ ಅಂತ ಕೇಳಿ. ಫೋಟೋಗಳ ಬೆನ್ನು ನೋಡಿ. ಆಮೇಲೆ ಆದಷ್ಟು ದೂರದ ಕವಲಿನ ಒಬ್ಬರ ಮೈಟೊಕಾಂಡ್ರಿಯಾವನ್ನು ಪೂರ್ತಿ ಓದಿಸಿ. ಒಂದು ತುಂಡು ಓದಿಸಿದರೆ ಸಾಲದು.

ಇದನ್ನು ನಾನು ನಮ್ಮ ಮನೆಯಲ್ಲೇ ಕಲಿತೆ. ನಮ್ಮ ಅಜ್ಜಿಗೆ, ಅಂದರೆ ಅಮ್ಮನ ಅಮ್ಮನಿಗೆ, ಒಬ್ಬಳೇ ತಂಗಿ, ನಾವು ಚಿಕ್ಕಜ್ಜಿ ಅನ್ನುತ್ತಿದ್ದೆವು. ಚಿಕ್ಕಜ್ಜಿಯ ಮಗಳ ಮಗಳು ನನ್ನ ವಾರಿಗೆಯವಳು. ನಮ್ಮಿಬ್ಬರದು ಒಂದೇ ಬರಬೇಕಿತ್ತು. ಗುಂಪೇ ಬೇರೆ ಬಂತು. ಮಾದರಿ ಅದಲುಬದಲಾಗಿರಬೇಕು ಅಂತ ಮತ್ತೆ ಮಾಡಿಸಿದೆವು. ಅದೇ ಬಂತು. ಆಮೇಲೆ ಮುತ್ತಜ್ಜನ ಲೆಕ್ಕದ ಪುಸ್ತಕವನ್ನು ಪುಟ ಪುಟ ತಿರುಗಿಸಿದೆ. ಒಂದು ಪುಟದ ಅಂಚಿನಲ್ಲಿ, ಕೂಡಿದ ಮೊತ್ತದ ಪಕ್ಕ, ಪೆನ್ಸಿಲ್‌ನಲ್ಲಿ ಒಂದು ಸಾಲು: ‘ಮಗುವಿನ ತಾಯಿ ಇಂದು ಬೆಳಗಿನ ಜಾವ ಹೋದಳು.’ ಹೆಸರಿಲ್ಲ. ತಾರೀಖಿನ ಪ್ರಕಾರ ಆ ಮಗು ನಮ್ಮ ಅಜ್ಜಿ. ನಾವು ಮುತ್ತಜ್ಜಿ ಅಂದುಕೊಂಡವರು ಆಮೇಲೆ ಮನೆಗೆ ಬಂದವರು. ಅಜ್ಜಿಯನ್ನು ಹೊಟ್ಟೆಯ ಮಗಳಂತೆ ಸಾಕಿದವರು, ಚಿಕ್ಕಜ್ಜಿಯನ್ನು ಹೆತ್ತವರು. ಯಾರೂ ಯಾವತ್ತೂ ಭೇದ ಮಾಡಿರಲಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ. ನನ್ನ ವಂಶದ ಪಟದಲ್ಲಿ ಈಗ ಇಬ್ಬರಿಗೂ ಜಾಗ ಇದೆ. ಒಬ್ಬರ ಹೆಸರು ಬರೆದಿದ್ದೇನೆ, ಇನ್ನೊಬ್ಬರ ಜಾಗದಲ್ಲಿ ಆ ಸಾಲನ್ನೇ ಬರೆದಿದ್ದೇನೆ.

ಪ್ರಶ್ನೆ: ಅಮ್ಮನ ತಂಗಿಯ ಮಗಳು ಪರೀಕ್ಷೆಗೆ ಒಪ್ಪುತ್ತಿಲ್ಲ. ಅವಳ ಅಣ್ಣ ಒಪ್ಪಿದ್ದಾನೆ. ಗಂಡಸಿನ ಮಾದರಿ ಆಗುತ್ತದಾ?

ಉತ್ತರ: ಧಾರಾಳವಾಗಿ ಆಗುತ್ತದೆ. ಅವನು ಮುಂದಕ್ಕೆ ಕೊಡಲಾರ, ಆದರೆ ಅಮ್ಮನಿಂದ ಪಡೆದದ್ದು ಅವನಲ್ಲಿದೆ. ಒಂದು ಮಾತು ಮಾತ್ರ ಕೇಳಿ. ಪೂರ್ತಿ ಓದಿಸಿದಾಗ ಕೆಲವೊಮ್ಮೆ ಕಾಯಿಲೆಗೆ ಸಂಬಂಧಿಸಿದ ಬದಲಾವಣೆಯೂ ಕಾಣಬಹುದು. ಕಣ್ಣಿನ ನರಕ್ಕೆ ತೊಂದರೆ ಕೊಡುವ, ಅಮ್ಮನಿಂದ ಮಕ್ಕಳಿಗೆ ಬರುವ ಒಂದು ಕಾಯಿಲೆ ಹಾಗೆ ಗೊತ್ತಾಗುತ್ತದೆ. ಅಣ್ಣನಲ್ಲಿ ಕಂಡದ್ದು ತಂಗಿಯಲ್ಲೂ ಇರುವುದು ಹೆಚ್ಚುಕಡಿಮೆ ಖಚಿತ. ಅವಳು ಬೇಡ ಅಂದದ್ದು ಅದಕ್ಕೇ ಇರಬಹುದು. ಅಣ್ಣನ ಮಾದರಿ ಕಳಿಸುವ ಮುಂಚೆ ಅವಳ ಹತ್ತಿರ ಇನ್ನೊಮ್ಮೆ ಮಾತಾಡಿ. ಫಲಿತಾಂಶ ಏನೇ ಬಂದರೂ ಅವಳಾಗಿ ಕೇಳುವವರೆಗೆ ಹೇಳುವುದಿಲ್ಲ ಅಂತ ಮೊದಲೇ ಮಾತು ಕೊಡಿ.