ಪಕ್ಕದ ವಿಭಾಗದವರನ್ನ ಕೇಳಬಹುದಾ?

ನಮಸ್ಕಾರ. ಮುಂದಿನ ತಿಂಗಳು ಇಲ್ಲಿ ಕೆಲಸಕ್ಕೆ ಸೇರ್ತಿದ್ದೀರಿ. ನಿಮಗೂ ಕಂಪನಿಯ ಮುಖ್ಯಸ್ಥರಿಗೂ ನಡುವೆ ಇಬ್ಬರೇ ಮ್ಯಾನೇಜರ್‌ಗಳು, ಹಾಗಿದ್ದರೆ ಕೆಲಸ ಬೇಗ ಕಲಿಯಬಹುದಲ್ವಾ ಅಂತ ಕೇಳಿದ್ದೀರಿ. ಮನೆ ಹುಡುಕೋದು, ಬ್ಯಾಂಕ್ ಖಾತೆ ಎಲ್ಲ ಬಂದ ಮೇಲೆ ತಾನಾಗೇ ಆಗುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಮೆಟ್ಟಿಲು ಕಡಿಮೆಯಿದ್ದರೆ ಮಾತು ಮೇಲಕ್ಕೆ ಬೇಗ ಮುಟ್ಟುತ್ತೆ, ನಿಜ. ಆದರೆ ಒಬ್ಬೊಬ್ಬ ಮ್ಯಾನೇಜರ್ ಕೈಕೆಳಗೆ ಜನ ಜಾಸ್ತಿ; ಕೂರಿಸ್ಕೊಂಡು ಹೇಳಿಕೊಡೋಕೆ ಯಾರಿಗೂ ಪುರುಸೊತ್ತಿರಲ್ಲ. ಮೇಲಿನವರು ಕರೆದು ಕಲಿಸ್ತಾರೆ ಅಂತ ಕಾದರೆ ವರ್ಷ ಕಳೆದುಹೋಗುತ್ತೆ. ಮೆಟ್ಟಿಲು ಎಣಿಸೋದು ಬಿಡಿ, ಪಕ್ಕದ ವಿಭಾಗಕ್ಕೆ ಬಾಗಿಲು ಇದೆಯಾ ನೋಡಿ.

ನಾನು ಬಂದದ್ದು 2001ರಲ್ಲಿ, ಪಂಪ್ ತಯಾರಿಸೋ ಕಂಪನಿಯ ಟೆಸ್ಟಿಂಗ್ ವಿಭಾಗಕ್ಕೆ. ಡಿಸೈನ್ ಒಂದು ಕಡೆ, ಸರ್ವಿಸ್ ಬೇರೆ ಕಟ್ಟಡದಲ್ಲೇ. ಒಂದು ಮಾಡೆಲ್ ಬಿಸಿಯಾದಾಗ, ಸೋರಿಕೆ ತಡೀಬೇಕಾದ ಸೀಲೇ ಸೋರ್ತಿತ್ತು. ರಿಪೋರ್ಟ್ ಬರೆದು ಮ್ಯಾನೇಜರ್‌ಗೆ ಕೊಟ್ಟೆ. ಅದು ಮೇಲೆ ಹೋಗಿ, ಡಿಸೈನ್ ಕಡೆಗೆ ಇಳಿದು, ಪ್ರಶ್ನೆಯಾಗಿ ಬಂದ ದಾರಿಯಲ್ಲೇ ನನ್ನ ಹತ್ತಿರ ವಾಪಸ್ ಬಂತು. ಹೀಗೆ ಎಂಟು ತಿಂಗಳು. ಸರ್ವಿಸ್‌ನ ಹಿರಿಯರೊಬ್ಬರು ದಿನಾ ಸಂಜೆ ನನ್ನ ರೈಲಿನಲ್ಲೇ ಬರ್ತಿದ್ದರು. ಅವರು ನಿವೃತ್ತರಾಗೋ ವಾರ ಮಾತಿಗೆ ಮಾತು ಬಂದು ಗೊತ್ತಾಯ್ತು: ಅದೇ ಸೀಲನ್ನ ಎರಡು ವರ್ಷದಿಂದ ಬದಲಾಯಿಸ್ತಿದ್ದಾರೆ, ಒಳಗೆ ತಿರುಗೋ ಶಾಫ್ಟ್ ಹಿಗ್ಗಿದಾಗ ಒಂದು ಕಡೆ ಉಜ್ಜುತ್ತೆ ಅನ್ನೋದೂ ಅವರಿಗೆ ಗೊತ್ತು. ಕೇಳೋಣ ಅಂತ ನನಗೆ ಹೊಳೆದೇ ಇರಲಿಲ್ಲ ಅಂತಲ್ಲ. ಮ್ಯಾನೇಜರನ್ನ ದಾಟಿ ಹೋದರೆ ಅಧಿಕಪ್ರಸಂಗ ಆಗುತ್ತೇನೋ ಅನ್ನೋ ಅಳುಕು. ಆ ಅಳುಕನ್ನ ನಿಮಗೆ ಬಿಡಿಸಿ ಹೇಳಬೇಕಿಲ್ಲ.

2003ರಲ್ಲಿ ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ 7 ಮಂದಿ ತೀರಿಕೊಂಡರು. ಉಡಾವಣೆಯಲ್ಲಿ ಇಂಧನ ಟ್ಯಾಂಕಿನ ಹೊದಿಕೆಯ ಗಟ್ಟಿ ನೊರೆಯ (ಫೋಮ್) ತುಂಡು ರೆಕ್ಕೆಗೆ ಬಡಿದದ್ದನ್ನ ಕಂಡ ಎಂಜಿನಿಯರ್‌ಗಳು, ನೌಕೆ ಇನ್ನೂ ಬಾಹ್ಯಾಕಾಶದಲ್ಲಿರುವಾಗಲೇ ರೆಕ್ಕೆಯ ಚಿತ್ರ ಬೇಕು ಅಂತ ಕೇಳಿದ್ದರು. ಬೇಡಿಕೆ ಅಧಿಕೃತ ದಾರಿಯಲ್ಲಿ ಬರಲಿಲ್ಲ, ರದ್ದಾಯಿತು. ಆ ನೊರೆಯಷ್ಟೇ ಸಂಸ್ಥೆಯ ರೀತಿನೀತಿಯೂ ಕಾರಣ ಅಂತ ತನಿಖಾ ಮಂಡಳಿ ಬರೆಯಿತು. ಓದಿದಾಗ ನನ್ನ ಸೀಲ್ ನೆನಪಾಯ್ತು. ಹೋಲಿಕೆ ದೊಡ್ಡದಾಯ್ತು, ಕ್ಷಮಿಸಿ.

ಇನ್ನೊಂದು, ತಪ್ಪಿನ ವರದಿಯನ್ನ ಯಾರು ಓದ್ತಾರೆ ಅಂತ ವಿಚಾರಿಸ್ಕೊಳ್ಳಿ. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು ತಮ್ಮ ಎಡವಟ್ಟುಗಳನ್ನ ಬರೆದು ಕಳಿಸೋದು ನಾಸಾಗೆ, ಲೈಸೆನ್ಸ್ ಕಿತ್ತುಕೊಳ್ಳಬಲ್ಲ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಗಲ್ಲ. ಅದಕ್ಕೇ ಧೈರ್ಯವಾಗಿ ಬರೀತಾರೆ. ನಿಮ್ಮ ಅಪ್ರೈಸಲ್ ಮಾಡೋರೇ ಅದನ್ನೂ ಓದೋದಾದರೆ ಪದ ನೋಡಿ ಬರೀರಿ.

ಸೇರಿದ ಮೊದಲ ವಾರವೇ, ಎರಡು ದಿನ ಸರ್ವಿಸ್‌ನವರ ಜೊತೆ ಕೂರ್ತೀನಿ ಅಂತ ಮ್ಯಾನೇಜರ್‌ಗೆ ಹೇಳಿ. ಹೊಸಬರಿಗೆ ಯಾರೂ ಬೇಡ ಅನ್ನಲ್ಲ. ಆ ಹಿರಿಯರಿಗೆ ಆಮೇಲೊಮ್ಮೆ ಫೋನ್ ಮಾಡೋಣ ಅಂದ್ಕೊಂಡೆ, ನಂಬರೇ ತಗೊಂಡಿರಲಿಲ್ಲ. ಬಿಚ್ಚಿದ ಒಂದೊಂದು ಪಂಪಿನ ವಿವರವನ್ನೂ ಬರೆದಿಟ್ಟ ದಪ್ಪ ನೋಟ್‌ಬುಕ್ ಅವರ ಬ್ಯಾಗಲ್ಲಿರ್ತಿತ್ತು.