ನಿಂಬೆಹಣ್ಣು–ತೆಂಗಿನಕಾಯಿ ಟಾರ್ಟ್: ನೀವು ಕೇಳಿದ್ದು, ನಾವು ಹೇಳೋದು

ಹೋದ ಸಂಚಿಕೇಲಿ ಮನೇಲೇ ಮಾಡೋ ನಿಂಬೆ–ತೆಂಗಿನ ಟಾರ್ಟ್, ಅಂದ್ರೆ ಗರಿಗರಿ ಹಿಟ್ಟಿನ ಕ್ರಸ್ಟ್ ಒಳಗೆ ಹೂರಣ ತುಂಬೋ ಸಿಹಿ, ಅದರ ಬಗ್ಗೆ ಬರೆದಿದ್ವಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಪ್ರಶ್ನೆಗಳು ಬಂದಿವೆ. ಉತ್ತರಕ್ಕೆ ಮೊದಲು ಅಳತೆ ಇನ್ನೊಂದ್ ಸಲ ಹೇಳ್ಬಿಡ್ತೀನಿ, 8 ಇಂಚಿನ ತಟ್ಟೆಗೆ. ಹೊರಗಿನ ಕ್ರಸ್ಟ್‌ಗೆ ಮೈದಾ 150 ಗ್ರಾಂ, ಕೊಬ್ಬರಿ ಪುಡಿ 50 ಗ್ರಾಂ, ತಣ್ಣಗಿರೋ ಬೆಣ್ಣೆ 90 ಗ್ರಾಂ, ಸಕ್ಕರೆ ಪುಡಿ 40 ಗ್ರಾಂ, ಚಿಟಿಕೆ ಉಪ್ಪು, ಕಲಸೋಕೆ ಒಂದೆರಡು ಚಮಚ ತಣ್ಣೀರು. ಒಳಗಿನ ಹೂರಣಕ್ಕೆ ಗಟ್ಟಿ ತೆಂಗಿನಹಾಲು 350 ಎಂಎಲ್, ಸಕ್ಕರೆ 90 ಗ್ರಾಂ, ಕಾರ್ನ್‌ಫ್ಲೋರ್ 40 ಗ್ರಾಂ, ನಿಂಬೆರಸ 70 ಎಂಎಲ್, ಒಂದು ಚಮಚ ನಿಂಬೆ ಸಿಪ್ಪೆ ತುರಿ, ಕೊನೇಲಿ ಸ್ವಲ್ಪ ಬೆಣ್ಣೆ. ಇದರಲ್ಲಿ ಮೊಟ್ಟೆ ಇಲ್ಲ.

ಪ್ರಶ್ನೆ: ಅಕ್ಕ, ನಮ್ದು ತಿಪಟೂರು ಹತ್ರ ತೋಟ, ಮನೆ ತುಂಬ ಕೊಬ್ಬರಿ ಇದೆ. ಅಂಗಡೀಲಿ ಸಿಗೋ ಡೆಸಿಕೇಟೆಡ್ ಕೋಕೋನಟ್ ತರ್ಲೇಬೇಕಾ, ಇಲ್ಲಾ ನಮ್ಮ ಕೊಬ್ಬರೀನೇ ತುರಿದು ಹಾಕಬಹುದಾ? ಹಸಿ ಕಾಯಿ ತುರಿ ಹಾಕಿದ್ರೆ ಏನಾಗತ್ತೆ?

ಉತ್ತರ: ತಿಪಟೂರಲ್ಲಿ ಇದ್ಕೊಂಡು ಪ್ಯಾಕೆಟ್ ಯಾಕೆ ತರ್ತೀರಮ್ಮ, ನಿಮ್ಮ ಕೊಬ್ಬರೀನೇ ಹಾಕಿ, ಆದ್ರೆ ಎರಡೂ ಒಂದೇ ಅಂದ್ಕೊಂಡು ಹಾಕ್ಬೇಡಿ. ಡೆಸಿಕೇಟೆಡ್ ಅನ್ನೋದು ಬಲಿತ ಹಸಿ ಕಾಯಿನ ಕಂದು ಸಿಪ್ಪೆ ಹೆರೆದು, ಸಣ್ಣಗೆ ತುರಿದು, ಮೆಷಿನ್‌ನಲ್ಲಿ ಬೇಗ ಒಣಗಿಸಿದ್ದು, ಬೆಳ್ಳಗಿರತ್ತೆ, ವಾಸನೆ ಮೆತ್ತಗಿರತ್ತೆ. ನಿಮ್ಮ ಉಂಡೆ ಕೊಬ್ಬರಿ ಹಾಗಲ್ಲ, ಕಾಯಿ ಅಟ್ಟದ ಮೇಲೆ ಎಂಟು–ಹತ್ತು ತಿಂಗಳು ಕೂತು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದ್ರೆ ಗೊಟಗೊಟ ಅನ್ನೋ ಹೊತ್ತಿಗೆ ಚಿಪ್ಪಿನೊಳಗೇ ನಿಧಾನಕ್ಕೆ ಒಣಗಿರತ್ತೆ. ಆ ನಿಧಾನದಿಂದ್ಲೇ ಆ ಸಿಹಿ, ಆ ಘಮ. ನನ್ನ ಕೇಳಿದ್ರೆ ಟಾರ್ಟ್ ಕ್ರಸ್ಟ್‌ಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಒಂದೇ ವಿಷ್ಯ ನೋಡ್ಕೊಳ್ಳಿ, ಕೊಬ್ಬರೀಲಿ ಮೂರರಲ್ಲಿ ಎರಡು ಪಾಲು ಹತ್ರಹತ್ರ ಎಣ್ಣೆನೇ ಇರತ್ತೆ. ಮಿಕ್ಸಿಗೆ ಹಾಕಿ ಜೋರಾಗಿ ತಿರುಗಿಸಿದ್ರೆ ಎಣ್ಣೆ ಬಿಟ್ಕೊಂಡು ಮುದ್ದೆ ಆಗತ್ತೆ, ಆಮೇಲೆ ಹಿಟ್ಟು ಎಷ್ಟು ತಟ್ಟಿದ್ರೂ ಜಿಡ್ಡುಜಿಡ್ಡು, ಒಲೆಗಿಟ್ರೆ ಅಂಚು ಜಾರಿ ಕೆಳಗೆ ಬೀಳತ್ತೆ. ಅದಕ್ಕೆ ಗಿಟುಕನ್ನ ತುರಿಮಣೇಲಿ ತುರ್ಕೊಳ್ಳಿ, ಬೇಕಿದ್ರೆ ಒಂದು ಚಮಚ ಮೈದಾ ಸೇರಿಸಿ ಮಿಕ್ಸೀಲಿ ಬಿಟ್ಟುಬಿಟ್ಟು ಎರಡು ಸಲ ಪಲ್ಸ್ ಮಾಡಿ ಸಾಕು, ಬೆಣ್ಣೆ 90ರ ಬದಲು 80 ಗ್ರಾಂ ಹಾಕಿ. ಮೊದ್ಲು ಒಂದು ಚೂರು ಬಾಯಿಗೆ ಹಾಕ್ಕೊಂಡು ನೋಡಿ, ಸ್ವಲ್ಪ ಕಮಟು ಇದ್ರೂ ಬೇಡ, ಬಿಸಿ ತಾಗಿದ ಮೇಲೆ ಆ ಕಮಟು ಇನ್ನೂ ಎದ್ದು ಬರತ್ತೆ, ಯಾವ ನಿಂಬೆಹಣ್ಣೂ ಅದನ್ನ ಮುಚ್ಚಲ್ಲ.

ಹಸಿ ಕಾಯಿ ತುರಿ ಕ್ರಸ್ಟ್‌ಗೆ ಬೇಡ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ, ಆ ನೀರು ಮೈದಾ ಜೊತೆ ಸೇರಿದ್ರೆ ಕ್ರಸ್ಟ್ ಗರಿಗರಿ ಆಗೋ ಬದ್ಲು ನಾರುನಾರು ಆಗತ್ತೆ. ಹಸಿ ಕಾಯಿನ ಹಾಲು ತೆಗೆಯೋಕೆ ಇಟ್ಕೊಳ್ಳಿ. ಕ್ರಸ್ಟ್‌ಗೆ ಒಣ ಕೊಬ್ಬರಿ, ಹೂರಣಕ್ಕೆ ಹಸಿ ಕಾಯಿ ಹಾಲು, ಹೀಗೆ ಒಂದೇ ತೋಟದ ಕಾಯಿ ಎರಡು ರುಚಿ ಕೊಡತ್ತೆ, ಈ ಟಾರ್ಟ್ ನನಗೆ ಇಷ್ಟ ಆಗೋದೇ ಅದಕ್ಕೆ.

ಪ್ರಶ್ನೆ: ತೆಂಗಿನಹಾಲು, ನಿಂಬೆರಸ, ಸಕ್ಕರೆ, ಕಾರ್ನ್‌ಫ್ಲೋರ್ ಎಲ್ಲ ಒಟ್ಟಿಗೆ ಹಾಕಿ ಕುದಿಸಿದೆ. ಮೊದ್ಲು ಒಡೆದ ಹಾಗೆ ಆಯ್ತು, ಆಮೇಲೆ ಗಟ್ಟಿ ಆಗಿದ್ದು ಮತ್ತೆ ತೆಳ್ಳಗಾಯ್ತು. ಫ್ರಿಜ್‌ನಲ್ಲಿ ರಾತ್ರಿ ಪೂರ್ತಿ ಇಟ್ರೂ ಸೆಟ್ ಆಗ್ಲಿಲ್ಲ ಮೇಡಂ. – ಗೃಹಿಣಿ, ಗುಬ್ಬಿ

ಉತ್ತರ: ನಿಮ್ಮ ಸಾಮಾನು ಸರಿ ಇದೆ, ಹಾಕಿದ ಕ್ರಮ ಮಾತ್ರ ಬದಲಾಗ್ಬೇಕು. ಹುಳಿ ಜೊತೆ ಕುದಿಸಿದ್ರೆ ಕಾರ್ನ್‌ಫ್ಲೋರ್‌ನ ಪಿಷ್ಟ ತುಂಡುತುಂಡಾಗಿ ಹಿಡಿತ ಕಳ್ಕೊಳ್ಳತ್ತೆ, ಅದಕ್ಕೇ ಗಟ್ಟಿ ಆಗಿದ್ದು ಮತ್ತೆ ನೀರಾಗಿದ್ದು. ತೆಂಗಿನಹಾಲಿಗೂ ಹಾಗೇ, ಬರೀ ಹಾಲಿಗೆ ಹುಳಿ ಬಿದ್ರೆ ಒಡೆಯತ್ತೆ, ಅದೇ ಪಿಷ್ಟ ಸೇರಿ ಗಟ್ಟಿಯಾದ ಮೇಲೆ ಹಾಕಿದ್ರೆ ತಡ್ಕೊಳ್ಳತ್ತೆ.

ಹೀಗ್ ಮಾಡಿ. ಕಾರ್ನ್‌ಫ್ಲೋರ್‌ನ ಸ್ವಲ್ಪ ತಣ್ಣನೆ ತೆಂಗಿನಹಾಲಲ್ಲಿ ಗಂಟಿಲ್ದಂಗೆ ಕಲಸಿ, ಮಿಕ್ಕ ಹಾಲು, ಸಕ್ಕರೆ, ಚಿಟಿಕೆ ಉಪ್ಪು ಸೇರಿಸಿ ಸ್ಟೀಲ್ ಪಾತ್ರೇಲಿ ಮಧ್ಯಮ ಉರಿಗೆ ಇಟ್ಟು ಕೈ ಬಿಡದೆ ತಿರುಗಿಸ್ತಾ ಇರಿ. ಗಟ್ಟಿ ಆಗ್ತಿದ್ದಂಗೆ ಇಳಿಸ್ಬೇಡಿ, ನಡುವೆ ಗುಳ್ಳೆ ಎದ್ದು ಪಟ್ ಪಟ್ ಅಂತ ಒಡೆಯೋಕೆ ಶುರುವಾದ ಮೇಲೂ ಒಂದು ನಿಮಿಷ ಬೇಯ್ಬೇಕು, ಇಲ್ಲಾಂದ್ರೆ ಹಸಿ ಹಿಟ್ಟಿನ ರುಚಿ ಹೋಗಲ್ಲ. ಸೌಟು ಎತ್ತಿದ್ರೆ ಹಿಂಭಾಗಕ್ಕೆ ದಪ್ಪಗೆ ಅಂಟಿರ್ಬೇಕು, ಬೆರಳಲ್ಲಿ ಗೆರೆ ಎಳೆದ್ರೆ ಗೆರೆ ಹಾಗೇ ನಿಲ್ಬೇಕು. ಆಗ ಒಲೆ ಆರಿಸಿ, ಒಂದೆರಡು ನಿಮಿಷ ಬಿಟ್ಟು ನಿಂಬೆರಸ ಸ್ವಲ್ಪಸ್ವಲ್ಪ ಹಾಕ್ತಾ ಕಲಸಿ, ಸಿಪ್ಪೆ ತುರಿ, ಬೆಣ್ಣೆ ಕೊನೇಗೆ. ಚಿತ್ರಾನ್ನಕ್ಕೆ ಒಲೆ ಆರಿಸಿ ಆದ್ಮೇಲೆ ತಾನೆ ನಿಂಬೆಹಣ್ಣು ಹಿಂಡೋದು, ಇಲ್ಲೂ ಅಷ್ಟೇ. ಘಮ ಉಳಿಯೋದೂ ಹಾಗೆ ಮಾಡಿದ್ರೇನೇ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹದ ರುಚಿ ಇಳಿಯತ್ತೆ.

ಪ್ರಶ್ನೆ: ಹಿತ್ತಲಲ್ಲಿ ಹೆರಳೆಕಾಯಿ ಗಿಡ ಇದೆ, ಅದರ ರಸ ಹಾಕಿ ಮಾಡಿದ್ದೆ, ಮಾಡಿದ ದಿನ ಚೆನ್ನಾಗಿತ್ತು, ಮಾರನೇ ದಿನ ಕಹಿ. ಗಜನಿಂಬೆ, ಚಕ್ಕೋತ ಹಾಕಿದ್ರೆ ಪರವಾಗಿಲ್ವಾ? – ಗೌರಿಬಿದನೂರು

ಉತ್ತರ: ಈ ಜಾತಿ ಹಣ್ಣುಗಳ ಬಿಳಿ ತಿರುಳಲ್ಲಿ, ಬೀಜದಲ್ಲಿ ಒಂದು ಅಂಶ ಇರತ್ತೆ, ಹಣ್ಣು ಇಡಿಯಾಗಿ ಇದ್ದಾಗ ಅದು ಕಹಿ ಇರಲ್ಲ, ಹಿಂಡಿದ ಮೇಲೆ ರಸದ ಹುಳಿ ಸೇರಿ ನಿಧಾನಕ್ಕೆ ಲಿಮೋನಿನ್ ಅನ್ನೋ ಕಹಿ ಪದಾರ್ಥ ಆಗತ್ತೆ. ಅದಕ್ಕೇ ಮೊದಲ ದಿನ ಗೊತ್ತಾಗಲ್ಲ. ಹೆರಳೆಕಾಯಿನ ಗೊಜ್ಜು, ಉಪ್ಪಿನಕಾಯಿ, ಚಿತ್ರಾನ್ನಕ್ಕೆ ಬಿಡಿ, ಅಲ್ಲಿ ಬೆಲ್ಲ, ಖಾರ, ಒಗ್ಗರಣೆ ಎಲ್ಲ ಇರತ್ತೆ, ಆ ಕಹಿಯೂ ರುಚಿನೇ. ತೆಂಗಿನಹಾಲಿನ ಮೆತ್ತನೆ ರುಚಿ ಮಧ್ಯೆ ಅದು ಒಂಟಿಯಾಗಿ ಎದ್ದು ಕಾಣತ್ತೆ.

ಗಜನಿಂಬೆ ಖಂಡಿತ ತಗೊಳ್ಳಿ, ಆದ್ರೆ ಸಿಪ್ಪೆಗೋಸ್ಕರ. ಹಸಿರು–ಹಳದಿ ಮೇಲ್ಪದರ ಮಾತ್ರ ಸಣ್ಣ ತುರಿಮಣೇಲಿ ಹಗುರಕ್ಕೆ ತುರೀರಿ, ಬಿಳಿ ಕಾಣ್ತಿದ್ದಂಗೆ ಹಣ್ಣು ತಿರುಗಿಸಿ. ಆ ತುರಿನ ಸಕ್ಕರೆ ಜೊತೆ ಬೆರಳಲ್ಲಿ ಉಜ್ಜಿದ್ರೆ ಸಕ್ಕರೆ ಒದ್ದೆ ಮರಳಿನ ಥರ ಆಗಿ ಇಡೀ ಅಡುಗೆಮನೆ ಘಮ್ಮಂತದೆ. ರಸಕ್ಕೆ ದಿನಾ ತರೋ ಸಣ್ಣ ನಿಂಬೆಹಣ್ಣೇ ಸಾಕು, ಐದಾರು ಬೇಕಾಗತ್ತೆ, ಬೀಜ ತೆಗೆದು ಕೈಯಲ್ಲೇ ಹಿಂಡಿ, ಸಿಪ್ಪೆ ನುಜ್ಜುಗುಜ್ಜಾಗೋ ತನಕ ಒತ್ಬೇಡಿ. ಇದೇನು ಸಾಮಾನ್ಯ ಹಣ್ಣಲ್ಲ ನೋಡಿ, ಅಮೆರಿಕದ ಫ್ಲೋರಿಡಾದಲ್ಲಿ ಕೀ ಲೈಮ್ ಪೈ ಅಂತ ಹೆಸರುವಾಸಿ ಸಿಹಿ ಇದೆ, 2006ರಲ್ಲಿ ಆ ರಾಜ್ಯದ ಅಧಿಕೃತ ಪೈ ಅಂತ ಮಾಡಿದ್ರು, ಅದಕ್ಕೆ ಹಾಕೋ ಹಣ್ಣೂ ನಮ್ಮ ಸಣ್ಣ ನಿಂಬೆಯ ಜಾತಿಯದ್ದೇ, ಏಷ್ಯಾದಿಂದ ಅರಬ್ಬರು, ಸ್ಪೇನಿನವರ ಮೂಲಕ ಅಷ್ಟು ದೂರ ಹೋಗಿದ್ದು.

ಚಕ್ಕೋತದ ರಸಕ್ಕೆ ಅಷ್ಟು ಹುಳಿ ಇಲ್ಲ, ಬಿಸಿ ಮಾಡಿದ್ರೆ ರುಚಿನೂ ಕೆಡತ್ತೆ. ನಿಮಗೆ ದೇವನಹಳ್ಳಿ ದೂರ ಇಲ್ಲ, ಅಲ್ಲಿನ ಚಕ್ಕೋತಕ್ಕೆ ಜಿಐ, ಅಂದ್ರೆ ಆ ಊರಿನದೇ ವಿಶೇಷ ಬೆಳೆ ಅನ್ನೋ ಮಾನ್ಯತೆ ಇದೆ, ಒಳಗೆ ನಸುಗೆಂಪು ಇರೋ ಒಳ್ಳೇ ಹಣ್ಣು ಸಿಕ್ಕಿದ್ರೆ ತೊಳೆ ಬಿಡಿಸಿ, ಪೊರೆ ತೆಗೆದು, ಟಾರ್ಟ್ ತಣ್ಣಗಾದ ಮೇಲೆ ಮೇಲುಗಡೆ ಜೋಡಿಸಿ.

ಪ್ರಶ್ನೆ: ನಾನು ಪಿಯುಸಿ ಓದ್ತಿದ್ದೀನಿ ಅಕ್ಕ, ಅಮ್ಮನ ಹುಟ್ಟಿದಹಬ್ಬಕ್ಕೆ ಮಾಡ್ಬೇಕು, ನಮ್ಮನೇಲಿ ಓವನ್ ಇಲ್ಲ. ಕುಕ್ಕರ್‌ನಲ್ಲಿ ಆಗತ್ತಾ? – ಚಿಂತಾಮಣಿ

ಉತ್ತರ: ಆಗತ್ತೆ ಕಣಮ್ಮ, ಆದ್ರೆ ಕುಕ್ಕರ್ ಬದಲು ದಪ್ಪ ತಳದ ಹಳೇ ಪಾತ್ರೆ ತಗೋ, ನೀರಿಲ್ದೆ ಅಷ್ಟು ಹೊತ್ತು ಕಾದ್ರೆ ಕುಕ್ಕರ್ ಹಾಳಾಗತ್ತೆ. ತಳಕ್ಕೆ ಒಂದು ಬೆರಳು ದಪ್ಪ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಬಿಗಿಯಾಗಿ ಮುಚ್ಚಿ ಹತ್ತು ನಿಮಿಷ ಕಾಯಿಸು. ದೊಡ್ಡ ಟಾರ್ಟ್ ಬೇಡ, ಸಣ್ಣ ಸ್ಟೀಲ್ ಬಟ್ಟಲುಗಳಿಗೆ ಬೆಣ್ಣೆ ಸವರಿ ಹಿಟ್ಟನ್ನ ತೆಳ್ಳಗೆ ಒತ್ತು, ಫೋರ್ಕ್‌ನಲ್ಲಿ ಚುಚ್ಚು, ಅರ್ಧ ಗಂಟೆ ಫ್ರಿಜ್‌ನಲ್ಲಿಡು. ಆಮೇಲೆ ಸಣ್ಣ ಉರೀಲಿ ಇಪ್ಪತ್ತೈದು–ಮೂವತ್ತು ನಿಮಿಷ. ಮೇಲೆ ಕೆಂಪಗಾಗಲ್ಲ, ಅದಕ್ಕೆ ಬೇಜಾರಾಗ್ಬೇಡ, ಅಂಚು ಬಟ್ಟಲಿಂದ ಸ್ವಲ್ಪ ಬಿಟ್ಕೊಂಡು ಮುಟ್ಟಿದ್ರೆ ಗಟ್ಟಿ ಅನ್ಸಿದ್ರೆ ಬೆಂದಿದೆ ಅಂತ. ಪೂರ್ತಿ ಆರೋವರೆಗೂ ಬಟ್ಟಲಿಂದ ಬಿಡಿಸ್ಬೇಡ, ಬಿಸೀಲಿ ಪುಡಿ ಆಗತ್ತೆ. ಹೂರಣ ಒಲೆ ಮೇಲೆ ಮಾಡೋದಲ್ವಾ, ಅದಕ್ಕೆ ಓವನ್ ಬೇಕೇ ಇಲ್ಲ. ಉಪ್ಪು ಆರಿದ ಮೇಲೆ ಡಬ್ಬಕ್ಕೆ ಹಾಕಿಡು, ಅಡುಗೆಗೆ ಬೇಡ, ಮುಂದಿನ ಸಲಕ್ಕೂ ಇದೇ ಕೆಲಸಕ್ಕೆ ಬರತ್ತೆ.

ಪ್ರಶ್ನೆ: ಓಟಿಜಿಯಲ್ಲಿ (ಸಣ್ಣ ಕರೆಂಟ್ ಓವನ್) ಮಾಡಿದ್ರೆ ಕ್ರಸ್ಟ್ ನಡುವೆ ಉಬ್ಬತ್ತೆ, ಹೂರಣ ಹಾಕಿದ ಮೇಲೆ ತಳ ಮೆತ್ತಗಾಗತ್ತೆ. – ತುಮಕೂರು

ಉತ್ತರ: ಹಿಟ್ಟಿನ ಮೇಲೆ ಬಟರ್ ಪೇಪರ್ ಹಾಸಿ, ಅದರ ತುಂಬ ಹೆಸರುಕಾಳೋ ಅಲಸಂದೆಯೋ ಸುರಿದು 180 ಡಿಗ್ರೀಲಿ 15 ನಿಮಿಷ, ಆಮೇಲೆ ಕಾಳು ಪೇಪರ್ ಎರಡೂ ತೆಗೆದು ಬರೀ ಕ್ರಸ್ಟ್‌ನ ಇನ್ನೂ ಎಂಟು–ಹತ್ತು ನಿಮಿಷ ಹೊಂಬಣ್ಣ ಬರೋವರೆಗೆ. ಎಷ್ಟೋ ಜನ ಈ ಎರಡನೇ ಸುತ್ತು ಬಿಟ್ಬಿಡ್ತಾರೆ, ಮೆತ್ತಗಾಗೋದು ಅಲ್ಲೇ. ಕರಗಿಸಿದ ಬಿಳಿ ಚಾಕೊಲೇಟ್ ಒಂದು ತೆಳು ಪದರ ಒಳಗೆ ಸವರಿದ್ರೆ ತೇವ ಇಳಿಯಲ್ಲ.

ಪ್ರಶ್ನೆ: ನಾವು ಶ್ರೀನಿವಾಸಪುರದವರು, ಮಾವಿನಹಣ್ಣು ಸೇರಿಸದೆ ಸಿಹಿ ಮಾಡಿದ್ರೆ ಮನೇಲಿ ಒಪ್ಪಲ್ಲ. ಎಷ್ಟು ದಿನ ಇಡಬಹುದು ಅಂತಾನೂ ಹೇಳಿ.

ಉತ್ತರ: ಸೀಸನ್‌ನಲ್ಲಿ ಬಾದಾಮಿ ಹಣ್ಣಿನ ಹೋಳು ತೆಳ್ಳಗೆ ಹೆಚ್ಚಿ ಬಡಿಸೋ ಹೊತ್ತಿಗೆ ಮೇಲಿಡಿ, ಮೊದಲೇ ಇಟ್ರೆ ರಸ ಬಿಟ್ಟು ಹೂರಣ ಜಾರತ್ತೆ. ರಸಪುರಿ ಹೋಳು ಮಾಡಿದ್ರೆ ನಿಲ್ಲಲ್ಲ, ಅದನ್ನ ಹಿಂಡಿ ಪಕ್ಕದಲ್ಲಿ ಕೊಡಿ. ಹೂರಣಕ್ಕೆ ಮಾತ್ರ ನಿಂಬೆ ಬಿಡ್ಬೇಡಿ, ಮಾವಿನಹಣ್ಣು ಒಂದೇ ಆದ್ರೆ ತೆಂಗಿನಹಾಲಿನ ಜಿಡ್ಡಿಗೆ ಸಪ್ಪೆ ಅನ್ಸತ್ತೆ. ತೆಂಗಿನಹಾಲು ಬೇಗ ಹಳಸತ್ತೆ, ನಮ್ಮ ಬಿಸಿಲಲ್ಲಂತೂ ಇನ್ನೂ ಬೇಗ, ಅದಕ್ಕೆ ಆರಿದ ತಕ್ಷಣ ಫ್ರಿಜ್‌ಗೆ ಇಟ್ಟು ಎರಡು ದಿನದೊಳಗೆ ತಿಂದು ಮುಗಿಸಿ. ಬರೀ ಕ್ರಸ್ಟ್ ಆದ್ರೆ ಗಾಳಿ ಆಡದ ಡಬ್ಬೀಲಿ ನಾಲ್ಕೈದು ದಿನ ಇರತ್ತೆ, ನೆಂಟರು ಬರೋರಿದ್ರೆ ಅದನ್ನ ಮೊದಲೇ ಮಾಡಿಟ್ಟು ಹೂರಣ ಹಿಂದಿನ ರಾತ್ರಿ ಮಾಡ್ಕೊಳ್ಳಿ.