ಕಾರ್ಡಿನ ಹೆಸರನ್ನು ನಂಬಬೇಡಿ, ಡ್ರೈವರನ್ನು ಕೇಳಿ

ಲಿನಕ್ಸಿನಲ್ಲಿ ಯಂತ್ರದ ಸಾಧನಗಳನ್ನು ಪಟ್ಟಿಮಾಡುವ ಎಲ್‌ಎಸ್‌ಪಿಸಿಐ (lspci) ಆದೇಶ ತೋರಿಸುವ ಹೆಸರನ್ನು ಒಂದು ಪಟ್ಟಿಯೊಡನೆ ಹೋಲಿಸಿ, ಗ್ರಾಫಿಕ್ಸ್ ಕಾರ್ಡು ಎಚ್‌ಇವಿಸಿ (ವಿಡಿಯೊ ಕುಗ್ಗಿಸುವ ಒಂದು ವಿಧಾನ, ಎಚ್‌.265) ವಿಡಿಯೊವನ್ನು ತಾನೇ ಡಿಕೋಡ್ ಮಾಡಬಲ್ಲದೇ ಎಂಬುದನ್ನು ಪ್ರೋಗ್ರಾಂ ನಿರ್ಧರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಆ ಹೆಸರಿನ ಹಿಂದಿರುವುದು ತಯಾರಕರ ಮತ್ತು ಸಾಧನದ ಗುರುತು ಸಂಖ್ಯೆ ಮಾತ್ರ. ಯಂತ್ರಾಂಶಕ್ಕೆ ಸಾಮರ್ಥ್ಯವಿದ್ದರೂ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಅದನ್ನು ಬಿಟ್ಟುಕೊಡದಿದ್ದರೆ ನಿಮಗೆ ಉಪಯೋಗವಿಲ್ಲ. ಲಿನಕ್ಸಿನ ಒಂದು ವಿತರಣೆಯಾದ ಫೆಡೋರಾ 2022ರಲ್ಲಿ ಪೇಟೆಂಟ್ ಕಾರಣಕ್ಕೆ ತನ್ನ ಮೆಸಾ (ಗ್ರಾಫಿಕ್ಸ್ ಡ್ರೈವರುಗಳ ಸಂಗ್ರಹ) ಪ್ಯಾಕೇಜಿನಿಂದ ಎಚ್‌.264 ಮತ್ತು ಎಚ್‌ಇವಿಸಿ ಬೆಂಬಲವನ್ನು ತೆಗೆದಾಗ, ಎಎಂಡಿ ಕಾರ್ಡುಗಳ ಹೆಸರೇನೂ ಬದಲಾಗಲಿಲ್ಲ.

ಆದ್ದರಿಂದ ಪ್ರೋಗ್ರಾಂ ಓಡುವಾಗಲೇ ಡ್ರೈವರನ್ನು ಕೇಳುವುದು ಸರಿಯಾದ ಕ್ರಮ. ಡಿಆರ್‌ಐ (/dev/dri) ಫೋಲ್ಡರಿನಲ್ಲಿರುವ ರೆಂಡರ್ ನೋಡ್‌ಗಳನ್ನು, ಅಂದರೆ 128ರಿಂದ ಆರಂಭವಾಗುವ ಸಂಖ್ಯೆಯ ಫೈಲುಗಳನ್ನು, ಒಂದೊಂದಾಗಿ ತೆರೆದು, ವಿಎ-ಎಪಿಐ (ವಿಡಿಯೊ ಕೆಲಸಕ್ಕಾಗಿ ಡ್ರೈವರಿನೊಡನೆ ಮಾತಾಡುವ ಲಿನಕ್ಸಿನ ಸಂಪರ್ಕಸೇತು) ಮೂಲಕ ಮೊದಲು ಪ್ರೊಫೈಲುಗಳನ್ನೂ (ಯಾವ ವಿಡಿಯೊ ರೂಪ) ಬಳಿಕ ಪ್ರತಿ ಪ್ರೊಫೈಲಿನ ಎಂಟ್ರಿಪಾಯಿಂಟುಗಳನ್ನೂ (ಅದರ ಮೇಲೆ ಮಾಡಬಲ್ಲ ಕೆಲಸ) ಪಡೆಯಿರಿ. ಎರಡನೆಯ ಹೆಜ್ಜೆಯನ್ನು ಬಿಡಬಾರದು: ಇವನ್ನು ಪಟ್ಟಿಮಾಡುವ ವಿಎಇನ್ಫೋ (vainfo) ಆದೇಶ ಓಡಿಸಿದಾಗ ಎಚ್‌ಇವಿಸಿ ಸಾಲಿನ ಕೊನೆಗೆ ವಿಎಲ್‌ಡಿ ಎಂದಿದ್ದರೆ ಡಿಕೋಡಿಂಗ್, ಎನ್ಕ್‌ಸ್ಲೈಸ್ ಎಂದಿದ್ದರೆ ಎನ್ಕೋಡಿಂಗ್. 10 ಬಿಟ್ ವಿಡಿಯೊಗೆ ಮೇನ್10 ಪ್ರೊಫೈಲನ್ನು ಪ್ರತ್ಯೇಕವಾಗಿಯೇ ನೋಡಬೇಕು.

ನೋಡ್ ತೆರೆಯಲು ಅನುಮತಿ ಸಿಗದಿದ್ದರೆ ಅದನ್ನು ಕಾರ್ಡಿನ ಕೊರತೆಯೆಂದು ದಾಖಲಿಸಬೇಡಿ. ಹಲವು ವ್ಯವಸ್ಥೆಗಳಲ್ಲಿ ಬಳಕೆದಾರರು ರೆಂಡರ್ ಗುಂಪಿನಲ್ಲಿ ಇಲ್ಲದಿರುವುದೇ ಅದಕ್ಕೆ ಕಾರಣವಾಗಿರುತ್ತದೆ.